ಹಯಾಶಪ್ಪ ಕೇಳುತ್ತ ಬಂದ ವರ್ಷ

ಕಳೆದ ಚೈತ್ರದಲ್ಲಿ ತಂಗಿಯ ಮೊಮ್ಮಗಳಿಗೆ ವರ ನೋಡಲೆಂದು ಬೈಲಹೊಂಗಲಕ್ಕೆ ಹೋಗಿದ್ದೆ. ಸವದತ್ತಿಯ ಮೋಟಾರು ಪೇಟೆಯ ಬಾಯಿಗೆ ತಂದು ಇಳಿಸಿತು. ಬಿಸಿಲು ಏರಿತ್ತು. ನೆರಳಿಗೆ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಹಿಂದಿನ ಅಂಗಳದಲ್ಲಿ ಎಮ್ಮೆಗಳಿಗೆ ಹತ್ತಿಕಾಳು ನೆನೆ ಹಾಕಿದ್ದರು. ಒಂದಿಷ್ಟು ಎಣ್ಣೆ, ಒಂದಿಷ್ಟು ಹಸಿ ಮಣ್ಣು ಕಲಸಿದಂಥ ಆ ವಾಸನೆ ಮೂಗಿಗೆ ಬಂತು. ವರನ ಮನೆಯವರು ಕರೆಯಲು ಬಂದಾಗ ನಾನು ಎದ್ದೇಳಲಿಲ್ಲವಂತೆ. ಎರಡು ಸಲ ಕರೆಯಬೇಕಾಯಿತು ಎಂದು ಆಮೇಲೆ ತಂಗಿ ಆಡಿಕೊಂಡಳು. ನಾನು ಆಗ ಅಲ್ಲಿರಲಿಲ್ಲ, ಆ ವಾಸನೆ ನನ್ನನ್ನು ಇದೇ ಊರಿನಲ್ಲಿ ಕಳೆದ ಹರೆಯಕ್ಕೆ ಒಯ್ದಿತ್ತು. ಜಪಾನು ರಷ್ಯಾವನ್ನು ಸೋಲಿಸಿದ ಸುದ್ದಿಯನ್ನು ಜನ ಇನ್ನೂ ಬಾಯಿತುಂಬ ಹೇಳುತ್ತಿದ್ದ ಕಾಲ ಅದು. ನಾನು ಆ ಊರಿನ ಕನ್ನಡ ಶಾಲೆಯಲ್ಲಿ ಎರಡನೇ ಮಾಸ್ತರನಾಗಿದ್ದೆ. ಇಪ್ಪತ್ತಾರು ವಯಸ್ಸು, ಧಾರವಾಡದಲ್ಲಿ ಕಲಿತ ಅರ್ಧಮರ್ಧ ಇಂಗ್ಲಿಷು, ಅದಕ್ಕಿಂತ ದೊಡ್ಡ ಜಂಬ.

ದಸರೆಯ ಬನ್ನಿ ಮುಡಿಯುವ ದಿನವೇ ಅವನು ಬಂದ. ಧಾರವಾಡದವರೆಗೆ ರೈಲು, ಅಲ್ಲಿಂದ ಬಾಡಿಗೆಯ ಬಂಡಿ. ಊರ ಜನವೆಲ್ಲ ಹೊಸ ಬಟ್ಟೆ ತೊಟ್ಟು, ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೋಣ ಅನ್ನುತ್ತಿದ್ದ ಸಂಜೆ. ಬಂಡಿಯಿಂದ ಇಳಿದ ಗಿಡ್ಡ ಮೈಯ, ಗುಂಡು ಮುಖದ ಪರದೇಶಿಯ ಕೈಗೂ ಜನ ಎಲೆ ತುರುಕಿದರು. ಇಂಗ್ಲಿಷು ಬಲ್ಲವನೆಂದು ಸರಕಾರಿ ಕಚೇರಿಯಿಂದ ನನ್ನನ್ನು ಕರೆಸಿದಾಗ ಅವನು ಬೊಗಸೆ ತುಂಬ ಎಲೆ ಹಿಡಿದುಕೊಂಡು ಚೆಲ್ಲದ ಹಾಗೆ ನಿಂತಿದ್ದ. ನನ್ನನ್ನು ನೋಡಿ ಸೊಂಟ ಬಗ್ಗಿಸಿ ನಮಸ್ಕರಿಸಿದ. ಅವನ ಮೊದಲ ಪ್ರಶ್ನೆ ಇದು: ಇಷ್ಟು ಜನ ಕೊಟ್ಟಿದ್ದಾರೆ, ತಿರುಗಿ ಏನು ಕೊಡಬೇಕು? ಅದೇ ಎಲೆಯನ್ನು ಕೊಟ್ಟರೆ ಸಾಕು ಎಂದೆ. ಕತ್ತಲಾಗುವತನಕ ಆತ ಪೇಟೆಯಲ್ಲಿ ನಡೆದಾಡಿ, ಸಿಕ್ಕ ಸಿಕ್ಕವರಿಗೆ ಬಗ್ಗಿ ಬಗ್ಗಿ ಎಲೆ ಕೊಟ್ಟ.

ಅವನ ಹೆಸರು ಹಯಾಶಿ. ಮೂರೇ ದಿನಕ್ಕೆ ಊರು ಅವನನ್ನು ಹಯಾಶಪ್ಪ ಮಾಡಿತು. ಜಪಾನಿನ ಓಸಾಕಾ ಎಂಬ ಊರಿನ ಯಂತ್ರಶಾಲೆಯ ವಿದ್ಯಾರ್ಥಿ. ನಮ್ಮ ಕಡೆಯ ಹತ್ತಿ ಮುಂಬಯಿಯಿಂದ ಹಡಗು ಹತ್ತಿ ಅವನ ಊರಿನ ಗಿರಣಿಗಳಿಗೆ ಹೋಗುತ್ತಿತ್ತು. ಹತ್ತಿ ಬೆಳೆಯುವಲ್ಲಿಯೇ ಇದ್ದು, ಹತ್ತಿಯಿಂದ ಕಾಳು ಬಿಡಿಸುವ, ಒಬ್ಬರೇ ಕೂತು ತುಳಿಯಬಹುದಾದ, ಕಾಳು ಒಡೆಯದ, ಎಳೆ ಹರಿಯದ ಒಂದು ಸಣ್ಣ ಯಂತ್ರ ಮಾಡಿಕೊಂಡು ಬಾ ಎಂದು ಅವನ ಗುರುಗಳು ಕಳಿಸಿದ್ದರು. ಮಾಡಿದರೆ ಪರೀಕ್ಷೆ ಪಾಸು, ಇಲ್ಲವಾದರೆ ಓದಿದ್ದೆಲ್ಲ ದಂಡ. ಅವನಿಗೆ ಇಪ್ಪತ್ತೆರಡು ವರ್ಷ.

ಶಾಲೆಯ ಹಿಂದಿನ ಕೋಣೆಯಲ್ಲಿ ಅವನಿಗೆ ಇರಲು ಜಾಗವಾಯಿತು, ಊಟ ನಮ್ಮ ಮನೆಯಿಂದ. ಎಂಥ ಜಾತಿಯವನೋ ಎಂದು ನನ್ನ ಅವ್ವ ಮೊದಲು ಹಿಂಜರಿದಳು. ಆದರೆ ಅವನು ಹೊಸ್ತಿಲ ಹೊರಗೇ ಬೂಟು ಬಿಚ್ಚಿ, ಅವುಗಳ ಮೂತಿಯನ್ನು ಓಣಿಯ ಕಡೆ ತಿರುಗಿಸಿ ಜೋಡಿಸಿಟ್ಟು ಒಳಗೆ ಬಂದದ್ದನ್ನು ನೋಡಿ, ನಮ್ಮ ಮಂದಿಗಿಂತ ಇವನೇ ಮಡಿವಂತ ಎಂದುಬಿಟ್ಟಳು. ಜೋಳದ ರೊಟ್ಟಿ ಅವನಿಗೆ ಮೊದಲ ವಾರ ಗಂಟಲಲ್ಲಿ ಇಳಿಯಲಿಲ್ಲ. ಹೇಗೆ ತಿನ್ನಬೇಕು ಎಂದು ಅವ್ವನನ್ನೇ ಕೇಳಿದ. ಪಲ್ಯದಲ್ಲಿ ಅದ್ದಿ ಮೆತ್ತಗೆ ಮಾಡಿಕೋ ಎಂದು ಅವಳು ಕೈಮಾಡಿ ತೋರಿಸಿದ್ದನ್ನು ತನ್ನ ಪುಸ್ತಕದಲ್ಲಿ ಚಿತ್ರ ಬರೆದುಕೊಂಡ.

ಆ ಪುಸ್ತಕದ ಬಗ್ಗೆ ಹೇಳಬೇಕು. ಅವನ ಬರವಣಿಗೆ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು, ಸೂರಿನಿಂದ ಹನಿ ಬಿದ್ದ ಹಾಗೆ. ದಿನಕ್ಕೆ ಹತ್ತು ಪ್ರಶ್ನೆ ಬರೆದುಕೊಳ್ಳುತ್ತಿದ್ದ. ಬಾವಿಯಲ್ಲಿ ಮೊದಲು ಯಾರು ಸೇದಬೇಕು, ಹಿರಿಯರ ಮುಂದೆ ಹೇಗೆ ಕೂರಬೇಕು, ಕಬ್ಬಿಣವನ್ನು ಎಷ್ಟು ಕೆಂಪಾದಾಗ ಬಡಿಯಬೇಕು. ಉತ್ತರ ನನಗೆ ಗೊತ್ತಿಲ್ಲದಿದ್ದರೂ ಏನಾದರೊಂದು ಹೇಳುವುದು ನನ್ನ ಚಾಳಿ. ಅವನು ಮರ್ಯಾದೆಯಿಂದ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಸೇರಿಸುತ್ತಿದ್ದ: ಇದನ್ನು ಈ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಯಾರು? ಊರಿಗೆ ಬರುವ ಓದಿದವರೆಲ್ಲ ಹೇಳಲು ಬರುತ್ತಿದ್ದರು. ಕೇಳಲು ಬಂದವನನ್ನು ನಾನು ಅದೇ ಮೊದಲು ಕಂಡೆ.

ಹತ್ತಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಗಂಗವ್ವ. ಐವತ್ತು ದಾಟಿದ ವಿಧವೆ, ಶಾಲೆಯ ಹಿಂದಿನ ಓಣಿಯಲ್ಲೇ ಮನೆ. ಆ ಓಣಿಯ ಹೆಂಗಸರೆಲ್ಲ ವ್ಯಾಪಾರಿಗಳ ಹತ್ತಿಯನ್ನು ಮನೆಗೆ ತಂದು ಕಾಳು ಬಿಡಿಸಿಕೊಡುತ್ತಿದ್ದರು. ನೆಲದ ಮೇಲೆ ಚಪ್ಪಟೆ ಕಲ್ಲು, ಅದರ ಮೇಲೆ ಹಿಡಿ ಹತ್ತಿ, ಹತ್ತಿಯ ಮೇಲೆ ಅಡ್ಡಲಾಗಿ ಕಬ್ಬಿಣದ ಸಲಾಕೆ. ಮಣೆಯ ಮೇಲೆ ಕೂತು ಎರಡೂ ಪಾದಗಳಿಂದ ಆ ಸಲಾಕೆಯನ್ನು ಉರುಳಿಸಿದರೆ ಕಾಳು ಮುಂದಕ್ಕೆ ಜಾರಿ, ಬಿಳಿ ಅರಳೆ ಹಿಂದೆ ಉಳಿಯುತ್ತದೆ. ನೋಡಲು ಎಷ್ಟು ಸುಲಭ! ಹಯಾಶಿ ಕೇಳಿಕೊಂಡು ಮಣೆಯ ಮೇಲೆ ಕೂತ. ಸಲಾಕೆ ಒಂದು ಕಡೆ ಹೋಯಿತು, ಅವನು ಇನ್ನೊಂದು ಕಡೆ ಬಿದ್ದ. ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಅವನೂ ನಕ್ಕು ಮತ್ತೆ ಕೂತ. ಗಂಗವ್ವ ಮಾತ್ರ ನಗಲಿಲ್ಲ.

“ಕಾಲಿಗೂ ಕಣ್ಣ ಇರಬೇಕು, ತಮ್ಮಾ,” ಎಂದಳು. “ಕಾಳ ಎಲ್ಲೈತಿ, ಅರಳಿ ಎಲ್ಲೈತಿ ಅಂತ ಕಾಲ ನೋಡಬೇಕು. ನೀ ಬರೇ ತುಳೀಲಿಕ್ಕತ್ತಿ.”

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಲು ಒದ್ದಾಡಿದೆ. ಹಯಾಶಿ ತನ್ನ ಪಾದಗಳನ್ನೊಮ್ಮೆ ನೋಡಿಕೊಂಡು, ಆಮೇಲೆ ಬರೆದುಕೊಂಡ.

ಯಂತ್ರದ ಕಬ್ಬಿಣದ ಕೆಲಸಕ್ಕೆ ಇಮಾಮಸಾಬ ಸಿಕ್ಕಿದ. ಬಂಡಿಯ ಗಾಲಿಗೆ ಹಳಿ ಹಾಕುವ ಕಮ್ಮಾರ, ನಲವತ್ತರ ಆಸುಪಾಸು, ಮಾತು ಕಡಿಮೆ. ಕಾಗದದ ಮೇಲಿನ ಗೆರೆಗಳನ್ನು ಅವನು ಎಂದೂ ಕಂಡವನಲ್ಲ. ಆದರೂ ಹಯಾಶಿ ಬರೆದ ನಕ್ಷೆಯನ್ನು ನೆಲದ ಮೇಲೆ ಹಾಸಿ, ಸುತ್ತಲೂ ನಡೆದು ನೋಡಿ, ಒಂದು ಕಡೆ ಬೆರಳಿಟ್ಟು ಇಲ್ಲಿ ಮುರಿಯುತ್ತದೆ ಎಂದ. ಹಯಾಶಿ ಲೆಕ್ಕ ಹಾಕಿ ನೋಡಿದ. ಮುರಿಯುತ್ತಿತ್ತು. ಅಂದಿನಿಂದ ಇಬ್ಬರೂ ಗುರು ಶಿಷ್ಯರಾದರು. ಯಾರು ಗುರು ಯಾರು ಶಿಷ್ಯ ಎಂಬುದು ದಿನಕ್ಕೊಮ್ಮೆ ಬದಲಾಗುತ್ತಿತ್ತು. ಇಮಾಮಸಾಬ ಒಮ್ಮೆ ನನಗೆ ಹೇಳಿದ: “ನೋಡ್ರಿ ಮಾಸ್ತರ, ನನಗ ಕಬ್ಬಿಣ ಗೊತ್ತೈತಿ, ಹತ್ತಿ ಗೊತ್ತಿಲ್ಲ. ಗಂಗವ್ವಗ ಹತ್ತಿ ಗೊತ್ತೈತಿ, ಕಬ್ಬಿಣ ಗೊತ್ತಿಲ್ಲ. ಎರಡೂ ಗೊತ್ತಿಲ್ಲ ಅಂತ ಒಪ್ಪಿಕೊಂಡಾಂವ ಇಂವ ಒಬ್ಬನ. ಅದಕ್ಕ ಇಂವನ ಕೈಲೆ ಆಗತೈತಿ.”

ಮೊದಲ ಯಂತ್ರ ದೀಪಾವಳಿಯ ಹೊತ್ತಿಗೆ ಎದ್ದು ನಿಂತಿತು. ಒಂದು ಮರದ ಉರುಳೆ, ಒಂದು ಕಬ್ಬಿಣದ ಉರುಳೆ, ಕೆಳಗೆ ತುಳಿಯುವ ಹಲಗೆ. ಸರಸರ ತಿರುಗಿತು. ಅರಳೆ ರಾಶಿಯಾಗಿ ಬಿತ್ತು. ನಾನು ಚಪ್ಪಾಳೆ ತಟ್ಟಿದೆ. ಗಂಗವ್ವ ಒಂದು ಹಿಡಿ ಅರಳೆ ಎತ್ತಿ ಮೂಸಿದಳು, ಬಿಸಿಲಿಗೆ ಹಿಡಿದಳು, ಒಂದು ಕಾಳನ್ನು ಆರಿಸಿ ಹಯಾಶಿಯ ಅಂಗೈಯಲ್ಲಿಟ್ಟಳು. ಒಡೆದಿತ್ತು. ಒಡೆದ ಕಾಳಿನ ಎಣ್ಣೆ ಹತ್ತಿ ಅರಳೆ ಹಳದಿಯಾಗುತ್ತದೆ, ಬಿತ್ತಲು ಕಾಳೂ ಉಳಿಯುವುದಿಲ್ಲ ಎಂದು ವಿವರಿಸಿದಳು. ನನ್ನ ಕಲ್ಲು ಕಾಳನ್ನು ದೂಡುತ್ತದೆ, ನಿನ್ನ ಯಂತ್ರ ಅಗಿಯುತ್ತದೆ ಎಂದಳು. ಹಯಾಶಿ ಅವಳಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಅಂದೇ ಯಂತ್ರವನ್ನು ಬಿಚ್ಚಿಹಾಕಿದ. ನಾನಾಗಿದ್ದರೆ ಅವಳ ಮೇಲೆ ಸಿಟ್ಟಾಗುತ್ತಿದ್ದೆ.

ಕಾರ್ತಿಕ ಮುಗಿಯುವಾಗ ಪೇಟೆಯ ಉಗ್ರಾಣಗಳಲ್ಲಿ ಇಲಿಗಳು ಸತ್ತು ಬೀಳತೊಡಗಿದವು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಪ್ಲೇಗು ನಮಗೆ ಹೊಸದಲ್ಲ. ಒಂದು ವಾರದಲ್ಲಿ ಊರು ಖಾಲಿಯಾಯಿತು. ಕಿತ್ತೂರಿನ ದಾರಿಯ ಬದಿಯ ಹೊಲಗಳಲ್ಲಿ ಸಾಲು ಸಾಲು ಗುಡಿಸಲು ಎದ್ದವು. ಜೋಳದ ದಂಟು, ಬಿದಿರು, ಹಳೆಯ ಚಾಪೆ, ಸಿಕ್ಕಿದ್ದೇ ಗೋಡೆ. ನಾನು ಅವ್ವನನ್ನು ರಾಮದುರ್ಗಕ್ಕೆ, ಅವಳ ಅಣ್ಣನ ಮನೆಗೆ ಕಳಿಸಿದೆ. ಅಲ್ಲಿ ಇನ್ನೂ ಬೇನೆ ಕಾಣಿಸಿಕೊಂಡಿರಲಿಲ್ಲ.

ಹಯಾಶಿಗೆ ಮುಂಬಯಿಗೆ ಹೋಗಿಬಿಡು ಎಂದು ಕಚೇರಿಯವರು ಹೇಳಿದರು. ಅವನು ಎಂದಿನಂತೆ ನಮ್ಮನ್ನು ಕೇಳಿದ. ಹೋಗು ಎಂದೆ ನಾನು. ಹೋಗು ಎಂದ ಇಮಾಮಸಾಬ. ಗಂಗವ್ವ ಗುಡಿಸಲಿಗೆ ಹಸಿ ಮಣ್ಣು ಮೆತ್ತುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: “ಹೋದ್ರ ಯಾರೂ ತಪ್ಪ ತಿಳಿಯಂಗಿಲ್ಲ. ಇರತೇನಿ ಅಂದ್ರ ಮಾತ್ರ ಸುಮ್ಮನ ಕುಂಡ್ರಾಕ ಬರಂಗಿಲ್ಲ. ಕೈ ಹಚ್ಚಬೇಕು.”

ಅವನು ಕೋಟು ಬಿಚ್ಚಿ ಮಣ್ಣಿಗೆ ಕೈ ಹಚ್ಚಿದ.

ಆ ಸಂಜೆ ಗುಡಿಸಲ ಮುಂದೆ ಕೂತಾಗ ಅವನು ತನ್ನ ಮನೆಯ ಕಥೆ ಹೇಳಿದ. ಅವನ ಅಕ್ಕ ಓಸಾಕಾದ ನೂಲಿನ ಗಿರಣಿಯೊಂದರಲ್ಲಿ ದುಡಿದು ಅವನನ್ನು ಓದಿಸುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಅವರ ಊರಿಗೂ ಪ್ಲೇಗು ಬಂತು. ಅಕ್ಕ ಐದೇ ದಿನದಲ್ಲಿ ಹೋದಳು. ಹಿಂದೂಸ್ತಾನದ ಹತ್ತಿಯ ಅಂಡಿಗೆ ಮೂಟೆಗಳಲ್ಲಿ ಬೇನೆ ಬಂತು ಎಂದು ಅಲ್ಲಿನ ಜನ ಆಡಿಕೊಂಡರಂತೆ. ನಿಜವೋ ಸುಳ್ಳೋ ಅವನಿಗೆ ಗೊತ್ತಿಲ್ಲ. ಆದರೆ ಅಕ್ಕ ದಿನವೂ ಮುಟ್ಟುತ್ತಿದ್ದ ಹತ್ತಿಯನ್ನು ಅವಳಿಗಿಂತ ಮೊದಲು ಯಾರು ಮುಟ್ಟಿರುತ್ತಾರೆ ಎಂದು ನೋಡುವ ಆಸೆ ಅವನಲ್ಲಿ ಬೇರು ಬಿಟ್ಟಿತು. ಗುರುಗಳು ಯಾರು ಹೋಗುತ್ತೀರಿ ಎಂದು ಕೇಳಿದಾಗ ಮೊದಲು ಎದ್ದು ನಿಂತವನು ಅವನೇ.

ನಾನು ಇದನ್ನು ಗಂಗವ್ವನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಿದೆ. ಅವಳು ತನ್ನ ಎರಡು ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಆಮೇಲೆ ಒಳಗಿನಿಂದ ಒಂದು ರೊಟ್ಟಿ ತಂದು ಅವನ ಕೈಗಿಟ್ಟಳು. ಆಕೆ ಅವನಿಗೆ ತನ್ನ ಕೈಯಾರೆ ಬಡಿದ ರೊಟ್ಟಿ ಕೊಟ್ಟದ್ದು ಅದೇ ಮೊದಲು.

ತನ್ನ ಊರಿನ ಬೇನೆಯಿಂದ ಅವನು ಒಂದು ವಿಷಯ ಕಲಿತಿದ್ದ. ಇಲಿ ಬರುವಲ್ಲಿಗೆ ಪ್ಲೇಗು ಬರುತ್ತದೆ. ನಮ್ಮ ಜನ ಊರು ಬಿಟ್ಟಿದ್ದರು, ಆದರೆ ಬಿತ್ತನೆಯ ಮತ್ತು ದನಗಳ ಹತ್ತಿಕಾಳಿನ ಚೀಲಗಳನ್ನು ಗುಡಿಸಲ ಒಳಗೇ ತಲೆದಿಂಬಿನ ಹತ್ತಿರ ಇಟ್ಟುಕೊಂಡಿದ್ದರು. ಅವನ್ನು ದೂರ ಇಡಿಸಬೇಕೆಂದು ಅವನು ಎಣಿಸಿದ. ದೂರ ಇಟ್ಟರೆ ಕಳ್ಳರ ಪಾಲು, ಮಣ್ಣಲ್ಲಿ ಹೂತರೆ ಕಾಳು ಕೊಳೆಯುತ್ತದೆ ಎಂದಳು ಗಂಗವ್ವ. ಹಾಗಾದರೆ ಎತ್ತರದಲ್ಲಿಡೋಣ ಎಂದ ಅವನು. ಕಂಬ ಹತ್ತಿ ಇಲಿ ಬರುವುದಿಲ್ಲವೇ ಎಂದೆ ನಾನು. ಆಗ ಇಮಾಮಸಾಬ ಮೂಲೆಯಲ್ಲಿದ್ದ ಖಾಲಿ ಚಿಮಣಿ ಎಣ್ಣೆಯ ಡಬ್ಬಿಯನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದ. ಡಬ್ಬಿಯ ತಗಡನ್ನು ಕತ್ತರಿಸಿ, ಕೊಡೆಯಂತೆ ಬಗ್ಗಿಸಿ, ಪ್ರತಿಯೊಂದು ಕಂಬದ ನಡುವಿಗೆ ಬೋರಲು ಕಟ್ಟಿದರೆ ಇಲಿಯ ಉಗುರು ನಿಲ್ಲುವುದಿಲ್ಲ ಎಂದ. ಮೂವರ ಮೂರು ಮಾತು ಸೇರಿ ಒಂದು ಅಟ್ಟವಾಯಿತು.

ಆ ಅಟ್ಟವನ್ನು ನೋಡಿ ಉಳಿದ ಸಾಲಿನವರೂ ಕೇಳತೊಡಗಿದರು. ಒಂದೆರಡು ಮಾಡಿಕೊಡಲು ಇದ್ದ ಸಾಮಾನು ಸಾಕಾಗಿತ್ತು. ಇಷ್ಟಕ್ಕೆಲ್ಲ ತಗಡಿನ ಕತ್ತರಿ, ಇಟ್ಟು ಬಡಿಯುವ ಅಡಿಗಲ್ಲು, ಗಾಳಿ ಊದುವ ತಿದಿ ಬೇಕು. ಅವು ಬೀಗ ಹಾಕಿದ ಊರೊಳಗೆ, ಇಮಾಮಸಾಬನ ಕುಲುಮೆಯಲ್ಲಿ ಇದ್ದವು. ಹಯಾಶಿ ಅವು ಇಲ್ಲದೆ ಮಾಡಲು ಬರುತ್ತದೆಯೇ ಎಂದಷ್ಟೇ ಕೇಳಿದ್ದ. ಮರುದಿನ ಮಧ್ಯಾಹ್ನ ಇಮಾಮಸಾಬ ಯಾರಿಗೂ ಹೇಳದೆ ಊರೊಳಗೆ ಹೋಗಿ, ಎಲ್ಲವನ್ನೂ ಕೈಬಂಡಿಯಲ್ಲಿ ಹೇರಿಕೊಂಡು ಬಂದ. ಮುಖದಲ್ಲಿ ಹಬ್ಬ. ಆರು ದಿನ ಎಡೆಬಿಡದೆ ತಗಡು ಬಡಿದ. ನಮ್ಮ ಸಾಲು, ಹಿಂದಿನ ಸಾಲು, ಅದರಾಚೆಯ ಸಾಲು, ಎಲ್ಲ ಕಡೆ ಬಿಸಿಲಿಗೆ ಹೊಳೆಯುವ ಕೊಡೆಗಳು. ಏಳನೆಯ ದಿನ ಅವನಿಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗಂಟು ಎದ್ದಿತು.

ದೂರದಲ್ಲಿ ಬೇನೆಯವರಿಗೆಂದೇ ಕಟ್ಟಿದ್ದ ಛಪ್ಪರಕ್ಕೆ ಅವನನ್ನು ಒಯ್ದರು. ಹಯಾಶಿ ಛಪ್ಪರದ ಹೊರಗೆ ನೀರು ಕಾಯಿಸಿ ಕೊಡುತ್ತ ಕೂತ. ಇಮಾಮಸಾಬನ ಹೆಂಡತಿ ಫಾತಿಮಾಬಿ ಒಳಗೆ. ಮೂರನೆಯ ದಿನ ಇಮಾಮಸಾಬ ಅವನನ್ನು ಬಾಗಿಲ ಹತ್ತಿರ ಕರೆಸಿ, ಯಂತ್ರದ ಮೇಲಿನ ಉರುಳೆಯ ಅಚ್ಚನ್ನು ಬಿಗಿ ಮಾಡಬೇಡ, ಸಡಿಲ ಬಿಡು ಎಂದು ಹೇಳಿದನಂತೆ. ನಾಲ್ಕನೆಯ ದಿನ ಬೆಳಿಗ್ಗೆ ಹೋದ.

ಎರಡು ದಿನ ಹಯಾಶಿ ಪುಸ್ತಕ ತೆರೆಯಲಿಲ್ಲ, ಒಂದೂ ಪ್ರಶ್ನೆ ಕೇಳಲಿಲ್ಲ. ಮೂರನೆಯ ದಿನ ಗಂಗವ್ವನ ಮುಂದೆ ಹೋಗಿ ಕೂತ. ಅಷ್ಟು ಹೊತ್ತಿಗೆ ಅವನಿಗೆ ನಮ್ಮ ಮಾತು ಒಂದಿಷ್ಟು ಬರುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ, ಅವನು ನನ್ನ ಕಡೆ ನೋಡಲಿಲ್ಲ.

“ಅವ್ವಾ, ನಾ ಕೇಳಿದೆ. ಅದಕ್ಕ ಅವರು ಊರಾಗ ಹ್ವಾದ್ರು. ನಾ ಕೊಂದೆನ?”

ಗಂಗವ್ವ ತಕ್ಷಣ ಇಲ್ಲ ಎನ್ನಲಿಲ್ಲ. ಅದಕ್ಕಾಗಿಯೇ ಅವಳ ಮಾತನ್ನು ನಾನು ಇಂದಿಗೂ ನಂಬುತ್ತೇನೆ.

“ನೀ ಕೇಳಿದ್ದು ಖರೆ, ಅಂವ ಹೋಗಿದ್ದೂ ಖರೆ,” ಎಂದಳು. “ಅದನ್ನ ನೀ ಹೊರಬೇಕಾಗತೈತಿ, ನಾ ಇಳಸ್ಕೊಳ್ಳಾಕ ಬರಂಗಿಲ್ಲ. ಆದ್ರ ಅಂವ ಕುರುಡಾಗಿ ಹೋಗಿಲ್ಲ. ಏನೈತಿ ಅಂತ ತಿಳದ ಹೋದಾ. ಇಷ್ಟು ಮಕ್ಕಳು ಅದಾವಿಲ್ಲಿ. ಅಂವನ ಧೈರ್ಯ ನಿನ್ನ ತಪ್ಪು ಅಂತ ಎಣಿಸಬ್ಯಾಡ. ಅಂವಗ ಅವಮಾನ ಆಗತೈತಿ.”

ಅವನು ಅಲ್ಲಿಯೇ ಅತ್ತ. ನಾನು ಎದ್ದು ಹೊಲದ ಕಡೆ ನಡೆದೆ.

ನಮ್ಮ ಸಾಲುಗಳಲ್ಲಿ ಆಮೇಲೆ ಸಾವೇ ಆಗಲಿಲ್ಲ ಎಂದು ಹೇಳಲಾರೆ. ಆದವು. ಆದರೆ ಗುಡಿಸಲುಗಳ ಒಳಗೆ ಇಲಿ ಬೀಳುವುದು ನಿಂತಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಬಿಸಿಲು ಬಲಿತು ಬೇನೆ ಸೋತಿತು. ಮನೆಗಳಿಗೆ ಸುಣ್ಣ ಬಳಿದು ಜನ ಒಳಗೆ ಹೋದರು. ಅದೇ ವಾರ ಹೊಸ ಹತ್ತಿಯ ಬಂಡಿಗಳು ಪೇಟೆಗೆ ಬಂದವು.

ಫಾತಿಮಾಬಿ ಕುಲುಮೆಯ ಬೀಗದ ಕೈಯನ್ನು ತಾನಾಗಿಯೇ ಹಯಾಶಿಗೆ ಕೊಟ್ಟಳು. ಎರಡನೆಯ ಯಂತ್ರವನ್ನು ಅವನು ಅಲ್ಲಿಯೇ, ಇಮಾಮಸಾಬನ ಸುತ್ತಿಗೆಯಿಂದ ಮಾಡಿದ. ಕೆಳಗಿನ ಉರುಳೆಗೆ ಚರ್ಮ ಸುತ್ತಿದ. ಮೇಲಿನ ಉರುಳೆಯನ್ನು ಬಿಗಿ ಮಾಡದೆ ಸಡಿಲ ಬಿಟ್ಟು, ಅದರ ಭಾರ ತುಳಿಯುವವರ ಪಾದಕ್ಕೆ ಬರುವ ಹಾಗೆ ಮಾಡಿದ. ಕಾಳು ಅಡ್ಡ ಬಂದರೆ ಪಾದಕ್ಕೆ ತಿಳಿಯುತ್ತದೆ, ಪಾದ ತಾನಾಗಿ ಹಗುರಾಗುತ್ತದೆ. ಗಂಗವ್ವ ಕೂತು ತುಳಿದಳು. ಪಕ್ಕದಲ್ಲಿ ಇನ್ನೊಬ್ಬಳು ಕಲ್ಲಿನ ಮೇಲೆ ಒಂದು ಬುಟ್ಟಿ ಮುಗಿಸುವಷ್ಟರಲ್ಲಿ ಇವಳ ಎರಡು ಬುಟ್ಟಿ ಮುಗಿದವು. ಕಾಳುಗಳನ್ನು ಮೊರದಲ್ಲಿ ಹಾಕಿ ಕೇರಿ ನೋಡಿದಳು. ಒಡೆದ ಕಾಳು ಹುಡುಕಿದರೆ ಒಂದೋ ಎರಡೋ. ಇನ್ನೊಂದು ಬುಟ್ಟಿ ತಾ ಎಂದು ಕೈ ಚಾಚಿದಳು.

ಎಲ್ಲರೂ ಸಂತೋಷಪಡುವ ಹೊತ್ತಿನಲ್ಲಿ ಹಯಾಶಿ ಬೇರೆಯದೇ ಪ್ರಶ್ನೆ ಎತ್ತಿದ. ಒಬ್ಬಳು ಇಬ್ಬರ ಕೆಲಸ ಮಾಡಿದರೆ ಇನ್ನೊಬ್ಬಳು ಏನು ಮಾಡಬೇಕು? ಈ ಯಂತ್ರ ನಿಮಗೆ ಬೇಡವೆಂದರೆ ಮುರಿದು ಹೋಗುತ್ತೇನೆ, ನಕ್ಷೆಯನ್ನು ಗುರುಗಳಿಗೆ ಕೊಡುವುದಿಲ್ಲ ಎಂದ. ಅಂದರೆ ಅವನ ಪರೀಕ್ಷೆ, ಓದು, ಅಕ್ಕ ದುಡಿದು ಓದಿಸಿದ್ದು, ಎಲ್ಲ ಹೋಗುತ್ತಿತ್ತು. ಇದನ್ನು ಅವನು ತಮಾಷೆಗೆ ಹೇಳುತ್ತಿಲ್ಲ ಎಂಬುದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಹೆದರಿ, ಗಂಗವ್ವನಿಗೆ ಹೂಂ ಎನ್ನು ಎಂದು ಕಣ್ಣಲ್ಲೇ ಬೇಡಿಕೊಂಡೆ.

ಅವಳು ಅಂದೇ ಉತ್ತರ ಕೊಡಲಿಲ್ಲ. ಓಣಿಯ ಹೆಂಗಸರೆಲ್ಲ ಕೂಡಿ ಎರಡು ದಿನ ಚರ್ಚೆ ಮಾಡಿದರು. ಮೂರನೆಯ ದಿನ ಅವನನ್ನು ಕರೆದು ಹೇಳಿದಳು: “ಉಗಿಯಂತ್ರ ಹುಬ್ಬಳ್ಳಿಗಿ ಬಂದಾವಂತ. ನಾಳೆ ಇಲ್ಲಿಗೂ ಬರತಾವು. ಅವು ಬಂದ್ರ ನಮ್ಮನ್ನ ಯಾರೂ ಕೇಳಂಗಿಲ್ಲ. ನೀ ಕೇಳಿದಿ. ಇದು ನಮ್ಮ ಓಣ್ಯಾಗ ಇರಲಿ, ಪಾಳಿ ಹಚ್ಚಿ ತುಳೀತೇವಿ. ವ್ಯಾಪಾರಿ ಮನಿಗಿ ಮಾತ್ರ ಕೊಡಬ್ಯಾಡ. ಕಾಗದ ನೀ ಒಯ್ಯಿ.”

ಹಾಗೆಯೇ ಆಯಿತು. ಯಂತ್ರ ಓಣಿಯ ನಡುವಿನ ಪಡಸಾಲೆಯಲ್ಲಿ ಉಳಿಯಿತು. ಹೊರಡುವ ಮೊದಲು ಅವನು ನನ್ನಿಂದ ಎರಡು ಹೆಸರುಗಳನ್ನು ಕನ್ನಡದಲ್ಲಿ ಬರೆಸಿಕೊಂಡು, ಮಕ್ಕಳ ಹಾಗೆ ಪಾಟಿಯ ಮೇಲೆ ತಿದ್ದಿ ತಿದ್ದಿ ಕಲಿತ. ಮೃಗಶಿರಾ ಮಳೆಯ ಮೊದಲ ಹನಿ ಬಿದ್ದ ದಿನ ಬಂಡಿ ಹತ್ತಿದ. ಬೀಳ್ಕೊಡಲು ಓಣಿಯ ಎಲ್ಲರೂ ಬಂದಿದ್ದರು. ಅವನು ಎಲ್ಲರಿಗೂ ಬಗ್ಗಿದ. ಈ ಸಲ ನಾವೂ ಬಗ್ಗಿದೆವು.

ಮುಂದೆ ಒಂದು ವರ್ಷದ ಮೇಲೆ ಶಾಲೆಯ ವಿಳಾಸಕ್ಕೆ ಒಂದು ಲಕೋಟೆ ಬಂತು. ಅವನು ಪಾಸಾಗಿದ್ದ. ಅವನ ಬರಹದ ಒಂದು ಹಾಳೆಯನ್ನು ಕಳಿಸಿದ್ದ. ಯಂತ್ರದ ನಕ್ಷೆ, ಸುತ್ತಲೂ ನಮಗೆ ಓದಲು ಬಾರದ ಅಕ್ಷರಗಳ ಸಾಲು ಸಾಲು. ಕೆಳಗೆ, ಯಂತ್ರ ಮಾಡಿದವರ ಹೆಸರು ಬರೆಯುವಲ್ಲಿ, ಸೊಟ್ಟ ಸೊಟ್ಟ ಕನ್ನಡದಲ್ಲಿ ಇಮಾಮಸಾಬ ಕಮ್ಮಾರ, ಗಂಗವ್ವ ಎಂದು ಇತ್ತು. ಅವನ ಹೆಸರು ಅದರ ಕೆಳಗೆ, ಸಣ್ಣದಾಗಿ. ನನ್ನ ಹೆಸರು ಇರಲಿಲ್ಲ. ಮೊದಲು ಚುರ್ ಎಂದಿತು. ಆಮೇಲೆ ಯೋಚಿಸಿದೆ, ಇಲ್ಲದಿರುವುದೇ ಸರಿ. ನಾನು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದೆ, ಅಷ್ಟೆ.

ಹಾಳೆಯನ್ನು ಗಂಗವ್ವನ ಹತ್ತಿರ ಒಯ್ದು ಎರಡೂ ಹೆಸರುಗಳ ಮೇಲೆ ಬೆರಳಿಟ್ಟು ಓದಿದೆ. ಅವಳು ತನ್ನ ಹೆಸರಿನ ಮೇಲೆ ಒಮ್ಮೆ ಕೈಯಾಡಿಸಿದಳು. ಇದನ್ನು ನಿನ್ನ ದೇವರ ಜಗುಲಿಯಲ್ಲಿ ಇಟ್ಟುಕೋ ಎಂದೆ. ಅವಳು ತಲೆಯಾಡಿಸಿ, ಸೆರಗು ಹೊದ್ದು, ಹೊಸ್ತಿಲು ದಾಟಿದಳು.

“ನನ್ನ ಹೆಸರ ನನಗ ಗೊತ್ತೈತಿ, ಮಾಸ್ತರ. ಇಮಾಮಸಾಬನ ಹೆಸರ ಅವರ ಮನ್ಯಾಗ ಇರಲಿ. ನಡೀರಿ, ಫಾತಿಮಾಬಿಗಿ ಓದಿ ಹೇಳ್ರಿ.”

ನಾನು ಅವಳ ಹಿಂದೆ ನಡೆದೆ.